ಮಳೆಗಾಲದ ಸಾಮಾನು: ಏಳು ಮನೆ ಸೇರಿ ಕೊಂಡದ್ದು, ತೂಗಿದ್ದು, ಕೆಡಿಸಿಕೊಂಡದ್ದು, ಉಳಿಸಿಕೊಂಡದ್ದು

ಜಗಲಿಕಟ್ಟೆ (ತೀರ್ಥಹಳ್ಳಿ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ಶಿವರಾತ್ರಿ ಕಳೆಯಿತೆಂದರೆ ನಮ್ಮ ಕಡೆ ಮನೆಮನೆಯಲ್ಲೂ ಮಳೆಗಾಲದ ಸಾಮಾನಿನ ಲೆಕ್ಕ ಶುರುವಾಗುತ್ತದೆ. ನಮ್ಮದು ಡಾಂಬರು ರಸ್ತೆಯಿಂದ ನಾಲ್ಕು ಕಿಲೋಮೀಟರ್ ಒಳಗಿರುವ ಏಳು ಮನೆಗಳ ಊರು. ನಡುವೆ ಒಂದು ಹಳ್ಳ, ಅದಕ್ಕೊಂದು ಕಾಲುಸಂಕ. ಜೂನ್ ಮೊದಲ ವಾರ ಮೃಗಶಿರಾ ಹಿಡಿದರೆ ಆರಿದ್ರಾ, ಪುನರ್ವಸು, ಪುಷ್ಯ ದಾಟುವವರೆಗೆ ಆಟೋ ಈಚೆ ಬರುವುದಿಲ್ಲ. ಹಳ್ಳ ತುಂಬಿದ ದಿನ ನಾವೂ ಆಚೆ ಹೋಗುವುದಿಲ್ಲ. ಹಾಗಾಗಿ ನಾಲ್ಕು ತಿಂಗಳ ದಿನಸಿ ಮೇ ಮುಗಿಯುವುದರೊಳಗೆ ಮನೆ ಸೇರಬೇಕು. ಅಜ್ಜಿಯ ಕಾಲದಿಂದ ನಡೆದುಬಂದ ಕ್ರಮ ಇದು. ಐದು ವರ್ಷದಿಂದ ಈಚೆಗೆ ಒಂದು ಬದಲಾವಣೆ ಮಾಡಿಕೊಂಡಿದ್ದೇವೆ: ಏಳು ಮನೆಯವರೂ ಸೇರಿ ಒಟ್ಟಿಗೆ ಕೊಳ್ಳುತ್ತೇವೆ. ಇದರ ಬಗ್ಗೆ ಹಲವರು ಕೇಳಿದ್ದರಿಂದ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲ ವರ್ಷದ ನಷ್ಟದಿಂದಲೇ ಶುರು ಮಾಡುತ್ತೇನೆ, ಏಕೆಂದರೆ ನಾವು ಕಲಿತದ್ದೆಲ್ಲ ಅಲ್ಲಿಂದಲೇ. ಆ ಏಪ್ರಿಲ್‌ನಲ್ಲಿ ಬ್ಯಾಡಗಿ ಮೆಣಸಿನಕಾಯಿಯ ಒಂದು ಇಡೀ ಚೀಲ ತರಿಸಿದೆವು. ಪೇಟೆಯ ಅಂಗಡಿಯ ಬೆಲೆಗಿಂತ ಎಷ್ಟೋ ಕಡಿಮೆ. ಬಣ್ಣ ನೋಡಿದರೆ ಕುಂಕುಮದ ಹಾಗೆ. ಸಂಜೆಗೆ ಏಳು ಪಾಲು ಮಾಡಿ, ಅವರವರು ಪ್ಲಾಸ್ಟಿಕ್ ಡಬ್ಬದಲ್ಲಿ ಒತ್ತಿ ತುಂಬಿಟ್ಟರು. ಜುಲೈ ತಿಂಗಳ ಒಂದು ಸಂಜೆ ಸಾರಿನ ಪುಡಿಗೆ ಹುರಿಯಲೆಂದು ನಾನು ಮುಚ್ಚಳ ತೆಗೆದೆ. ಘಾಟು ಬರಬೇಕಾದಲ್ಲಿ ಮುಗ್ಗಲು ವಾಸನೆ ಬಂತು. ಒಂದು ಕಾಯಿ ಮುರಿದು ನೋಡಿದರೆ ಒಳಗೆ ಬೀಜದ ಸುತ್ತ ಬೂದು ಬಣ್ಣದ ಬೂಷ್ಟು. ಹೊರಮೈ ಮಾತ್ರ ಹಾಗೆಯೇ ಕೆಂಪು. ಪಕ್ಕದ ಮನೆಗೆ ಓಡಿದೆ, ಅಲ್ಲೂ ಅದೇ. ರಾತ್ರಿಯೊಳಗೆ ಏಳು ಮನೆಯ ಡಬ್ಬಗಳೂ ಜಗಲಿಗೆ ಬಂದವು. ಒಂದೂ ಉಳಿದಿರಲಿಲ್ಲ. ಬಿಸಿಲಿಲ್ಲ, ಒಣಗಿಸುವಂತಿಲ್ಲ. ಬೂಷ್ಟು ಹಿಡಿದ ಮೆಣಸನ್ನು ತೊಳೆದು ಹುರಿದರೂ ಅದರ ವಿಷ ಹೋಗುವುದಿಲ್ಲ ಎಂದು ಊರಿಗೆ ಬರುವ ಆರೋಗ್ಯ ಸಹಾಯಕಿ ಹೇಳಿದ ಮೇಲೆ ಎಲ್ಲವನ್ನೂ ಗುಂಡಿ ತೋಡಿ ಮುಚ್ಚಿದೆವು.

ತೂಕ ಹೆಚ್ಚಲೆಂದು ಕಾಯಿಗೆ ನೀರು ಚಿಮುಕಿಸಿದ್ದರು ಎಂದು ಆಮೇಲೆ ತಿಳಿಯಿತು. ಆದರೆ ನೋಡದೆ ತುಂಬಿಟ್ಟ ತಪ್ಪು ನಮ್ಮದೇ. ಈಗ ಯಾವ ಚೀಲ ಬಂದರೂ ಮೂರು ದಿನ ಅಂಗಳದಲ್ಲಿ ಚಾಪೆಯ ಮೇಲೆ ಹರಡುತ್ತೇವೆ. ತೊಟ್ಟು ಮುರಿದರೆ ಟಕ್ಕೆನ್ನಬೇಕು, ಹಿಡಿಯಲ್ಲಿ ಹಿಡಿದು ಅಲುಗಿಸಿದರೆ ಬೀಜ ಗಲಗಲ ಎನ್ನಬೇಕು. ಆಮೇಲೆಯೇ ತೂಕ. ಒಣಗಿದಾಗ ತೂಕ ಇಳಿಯುತ್ತದೆ, ಹಾಗಾಗಿ ಕೊಂಡ ತೂಕಕ್ಕೆ ಬೆಲೆ ಕಟ್ಟಿ ಹಂಚಿದರೆ ಲೆಕ್ಕ ತಪ್ಪುತ್ತದೆ. ಒಟ್ಟು ಖರ್ಚನ್ನು ಒಣಗಿದ ಮೇಲಿನ ತೂಕದಿಂದ ಭಾಗಿಸಬೇಕು. ಗೋಣಿಚೀಲದ ತೂಕವೇ ಅರ್ಧ ಕಿಲೋದ ಮೇಲಿರುತ್ತದೆ, ಅದನ್ನೂ ಕಳೆಯಬೇಕು.

ತೂಗುವ ದಿನದ ಬಗ್ಗೆ ಒಂದು ಮಾತು. ನಮ್ಮ ಜಗಲಿಯಲ್ಲಿ ಕಂಬಳಿ ಹಾಸಿ, ಚೀಲವನ್ನು ಪೂರ್ತಿ ಸುರಿದು, ಕೈಯಿಂದ ಬೆರೆಸಿದ ಮೇಲೆಯೇ ತಕ್ಕಡಿ ಎತ್ತುತ್ತೇವೆ. ಚೀಲದ ಬಾಯಿಯಲ್ಲಿ ಇಡೀ ಕಾಯಿ ಇರುತ್ತದೆ, ತಳದಲ್ಲಿ ಮುರುಕು ಮತ್ತು ಪುಡಿ. ಮೊದಲು ತೂಗಿಸಿಕೊಂಡವರಿಗೆ ಒಳ್ಳೆಯದು, ಕೊನೆಯವರಿಗೆ ಉಳಿದದ್ದು ಎಂದಾದರೆ ಎರಡನೇ ವರ್ಷಕ್ಕೆ ಆ ಕೊನೆಯ ಮನೆಯವರು ಬರುವುದಿಲ್ಲ. ಕಡೆಗೆ ಉಳಿಯುವ ಬೀಜದ ಪುಡಿಯನ್ನೂ ಏಳು ಗುಪ್ಪೆ ಮಾಡಿ ಮಕ್ಕಳ ಕೈಯಲ್ಲಿ ಚೀಟಿ ಎತ್ತಿಸುತ್ತೇವೆ. ನೂರು ಗ್ರಾಂ ಪುಡಿಗೆ ಇಷ್ಟೆಲ್ಲ ಏಕೆ ಎಂದು ನೆಂಟರು ಕೇಳಿದ್ದುಂಟು. ಆ ನೂರು ಗ್ರಾಂ ನೇರವಾಗಿದ್ದರೆ ಮಿಕ್ಕ ಐವತ್ತು ಕಿಲೋದ ಬಗ್ಗೆ ಯಾರೂ ಮಾತನಾಡುವುದಿಲ್ಲ.

ಒಟ್ಟಿಗೆ ತರುವುದು ಇಷ್ಟು: ಮೆಣಸಿನಕಾಯಿ, ತೊಗರಿಬೇಳೆ, ಉದ್ದು, ಬೆಲ್ಲ, ಕಲ್ಲುಪ್ಪು, ಹುಣಸೆಹಣ್ಣು, ಕೊಬ್ಬರಿ ಎಣ್ಣೆ, ಬಟ್ಟೆ ಸೋಪು, ಬೆಂಕಿಪೊಟ್ಟಣ, ಟಾರ್ಚಿನ ಬ್ಯಾಟರಿ. ಅಕ್ಕಿ ನಾಲ್ಕು ಮನೆಯವರಿಗೆ ಗದ್ದೆಯದೇ, ಮೂರು ಮನೆಯವರು ಕೊಳ್ಳುತ್ತಾರೆ. ನಿಮ್ಮ ಕಡೆ ಹೇಗೆ ಮಾಡುತ್ತೀರಿ, ಎಲ್ಲಿ ಎಡವಿದ್ದೀರಿ, ಬರೆಯಿರಿ.

ಹೊಸ ಸಂಸಾರ (ಶಿವಮೊಗ್ಗ)

ಅಕ್ಕ, ಓದಿ ತುಂಬಾ ಉಪಯೋಗವಾಯಿತು. ನಾವಿಬ್ಬರೇ ಇರುವುದು, ಮದುವೆಯಾಗಿ ಎಂಟು ತಿಂಗಳು. ಪಕ್ಕದ ಎರಡು ಮನೆಯವರು ಸೇರಿ ಕೊಳ್ಳೋಣ ಎನ್ನುತ್ತಿದ್ದಾರೆ. ಎಷ್ಟು ಬೇಕಾಗುತ್ತದೆ ಎಂಬ ಅಂದಾಜೇ ನನಗಿಲ್ಲ. ಎಲ್ಲಿಂದ ಶುರು ಮಾಡಲಿ?

ಜಗಲಿಕಟ್ಟೆ

ತಂಗೀ, ಮೊದಲು ಒಂದು ತಿಂಗಳು ಏನೂ ಕೊಳ್ಳಬೇಡ, ಬರೆದಿಡು. ಬೇಳೆಯ ಡಬ್ಬ ತುಂಬಿದ ದಿನ ಮುಚ್ಚಳದ ಮೇಲೆ ದಿನಾಂಕದ ಚೀಟಿ ಅಂಟಿಸು, ಖಾಲಿಯಾದ ದಿನ ನೋಡು. ಎರಡು ಡಬ್ಬ ಕಳೆಯುವಷ್ಟರಲ್ಲಿ ನಿನ್ನ ಮನೆಯ ಅಳತೆ ನಿನಗೆ ಸಿಗುತ್ತದೆ. ಬೇರೆಯವರ ಪಟ್ಟಿ ನೋಡಿ ಕೊಂಡವರ ಮನೆಯಲ್ಲಿಯೇ ಸಾಮಾನು ಹುಳ ಹಿಡಿಯುವುದು.

ಮೊದಲ ಸಲ ಎರಡೇ ವಸ್ತು ಸಾಕು. ತೊಗರಿಬೇಳೆ ಮತ್ತು ಸೋಪು. ಸೋಪು ಕೆಡುವುದಿಲ್ಲ, ಇಟ್ಟಷ್ಟೂ ಗಟ್ಟಿಯಾಗಿ ಹೆಚ್ಚು ದಿನ ಬರುತ್ತದೆ. ಗೋಧಿ ಹಿಟ್ಟು, ಕೆಂಪಕ್ಕಿ, ಕಾಫಿಪುಡಿ ಇವನ್ನು ಮಾತ್ರ ಅಗ್ಗವೆಂದು ರಾಶಿ ಹಾಕಬೇಡ. ಗೋಧಿ ನಿಲ್ಲುತ್ತದೆ, ಹಿಟ್ಟು ನಿಲ್ಲುವುದಿಲ್ಲ. ತೌಡು ತೆಗೆಯದ ಅಕ್ಕಿ ಕೆಲವೇ ತಿಂಗಳಲ್ಲಿ ಕಮಟು ಹಿಡಿಯುತ್ತದೆ.

ತೊಗರಿ ಹೊಲ (ಕಲಬುರಗಿ ಜಿಲ್ಲೆ)

ಬೆಳೆಯುವವರ ಕಡೆಯಿಂದ ನಾಲ್ಕು ಮಾತು. ನಮ್ಮ ತೊಗರಿ ಡಿಸೆಂಬರ್, ಜನವರಿಯಲ್ಲಿ ರಾಶಿಯಾಗುತ್ತದೆ. ಹೊಸ ಬೇಳೆ ಫೆಬ್ರವರಿ, ಮಾರ್ಚ್‌ನಲ್ಲಿ ಸಿಗುತ್ತದೆ. ವರ್ಷದ ಬೇಳೆ ಕೊಳ್ಳುವವರು ಆಗಲೇ ಕೊಳ್ಳಬೇಕು. ಮೇ ತಿಂಗಳಿಗೆ ಕಾದರೆ ಮಾಲು ಎರಡು ಮೂರು ಕೈ ದಾಟಿರುತ್ತದೆ.

ಬೆಲೆಯ ಲೆಕ್ಕ ಹೀಗೆ ಹಾಕಿ. 2024-25ರಲ್ಲಿ ತೊಗರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 7,550 ರೂಪಾಯಿ ಇತ್ತು. ಒಂದು ಕ್ವಿಂಟಲ್ ಕಾಳು ಒಡೆಸಿದರೆ 70 ಕಿಲೋದ ಆಚೀಚೆ ಬೇಳೆ ಬರುತ್ತದೆ, ಮಿಕ್ಕದ್ದು ಹೊಟ್ಟು ಮತ್ತು ನುಚ್ಚು. ಅಂದರೆ ಕಾಳಿನ ಬೆಲೆಯೇ ಕಿಲೋ ಬೇಳೆಗೆ 108 ರೂಪಾಯಿ. ಮೇಲೆ ಒಡೆಯುವ ಕೂಲಿ, ಚೀಲ, ಸಾಗಣೆ. ಇದಕ್ಕಿಂತ ತೀರಾ ಕಡಿಮೆಗೆ ಯಾರಾದರೂ ಕೊಡುತ್ತೇನೆಂದರೆ ಒಂದೋ ಅದು ಹಳೆಯ ಮಾಲು, ಇಲ್ಲವೇ ಹೊಲದಲ್ಲಿ ಯಾರಿಗೋ ಬೆಲೆ ಸಿಕ್ಕಿಲ್ಲ. ಕೊಳ್ಳುವವರು ಇದನ್ನು ತಿಳಿದಿರಲಿ ಎಂದು ಬರೆಯುತ್ತಿದ್ದೇನೆ, ತಪ್ಪು ತಿಳಿಯಬೇಡಿ.

ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿದೆ. ಇಲ್ಲಿನ ಸುಣ್ಣದ ಅಂಶವಿರುವ ಕಪ್ಪು ಮಣ್ಣಿನ ಬೇಳೆ ಬೇಗ ಬೇಯುತ್ತದೆ, ರುಚಿ ಬೇರೆ. ಹತ್ತು ಮನೆ ಸೇರಿದರೆ ಎರಡು ಕ್ವಿಂಟಲ್ ಬೇಳೆಯ ಬೇಡಿಕೆ ಆಗುತ್ತದೆ. ಅಷ್ಟು ಬೇಡಿಕೆ ಇದ್ದರೆ ರೈತ ಉತ್ಪಾದಕ ಸಂಸ್ಥೆಗಳು ನೇರವಾಗಿ ಕಳಿಸುತ್ತವೆ. ಲಾರಿ ಪಾರ್ಸಲ್ ಖರ್ಚು ಎರಡು ಕ್ವಿಂಟಲ್‌ಗೆ ಹಂಚಿದಾಗ ಹಗುರ, ಇಪ್ಪತ್ತು ಕಿಲೋಗೆ ಹಾಕಿದರೆ ಉಳಿತಾಯವೆಲ್ಲ ಅದಕ್ಕೇ ಹೋಗುತ್ತದೆ.

ಇಡುವುದಕ್ಕೆ: ನಮ್ಮ ಮನೆಯಲ್ಲಿ ಇಡೀ ಕಾಳಿಗೆ ಕೆಮ್ಮಣ್ಣು ಕಟ್ಟಿ ಒಣಗಿಸುತ್ತಾರೆ, ಹುಳ ಬರುವುದಿಲ್ಲ. ಬೇಳೆಗೆ ಹರಳೆಣ್ಣೆ. ಹತ್ತು ಕಿಲೋಗೆ ನಾಲ್ಕೈದು ಚಮಚ ಸಾಕು, ಅಂಗೈಗೆ ಸವರಿಕೊಂಡು ಬೇಳೆಯನ್ನು ತಿಕ್ಕಬೇಕು.

ಮೂರನೇ ಮಹಡಿ (ಬೆಂಗಳೂರು)

ನಮ್ಮ ಅಪಾರ್ಟ್‌ಮೆಂಟಿನ ಅನುಭವ ಹೇಳುತ್ತೇನೆ. ಹೆಸರು ಯಾವುದೂ ಬೇಡ. ಮೂರು ವರ್ಷದ ಹಿಂದೆ ಒಬ್ಬರು ಮುಂದೆ ನಿಂತು ಎಲ್ಲರಿಂದ ಮೊಬೈಲ್‌ನಲ್ಲಿ ಹಣ ಹಾಕಿಸಿಕೊಂಡು ಅಕ್ಕಿ, ಎಣ್ಣೆ ತರಿಸುತ್ತಿದ್ದರು. ಮೊದಲ ಎರಡು ಸಲ ಚೆನ್ನಾಗಿ ನಡೆಯಿತು. ಮೂರನೇ ಸಲ ಹಣ ಹೋಯಿತು, ಅಕ್ಕಿ ಬರಲಿಲ್ಲ. ನಾಳೆ, ನಾಡಿದ್ದು ಎಂದು ಎರಡು ತಿಂಗಳು ಕಳೆದು, ಕಡೆಗೆ ಅವರು ಮನೆ ಖಾಲಿ ಮಾಡಿದರು. ಹಣಕ್ಕಿಂತ ಹೆಚ್ಚಾಗಿ, ಆಮೇಲೆ ಲಿಫ್ಟಿನಲ್ಲಿ ಒಬ್ಬರ ಮುಖ ಒಬ್ಬರು ನೋಡಲು ಸಂಕೋಚವಾಗುತ್ತಿತ್ತು. ಅವರನ್ನು ಗುಂಪಿಗೆ ಸೇರಿಸಿದವಳು ನಾನೇ ಆಗಿದ್ದೆ.

ಈಗ ಮತ್ತೆ ಹನ್ನೆರಡು ಮನೆ ಸೇರಿದ್ದೇವೆ. ಜಗಲಿಕಟ್ಟೆಯವರೇ, ನೀವು ಹಣದ ವಿಷಯ ಬರೆದಿಲ್ಲ. ಅದು ಹೇಗೆ?

ಜಗಲಿಕಟ್ಟೆ

ಬರೆಯಬೇಕಿತ್ತು, ಬಿಟ್ಟುಹೋಯಿತು. ನಿಮ್ಮ ನೋವು ಅರ್ಥವಾಗುತ್ತದೆ.

ನಮ್ಮಲ್ಲಿ ಹಣ ಒಬ್ಬರ ಕೈಯಲ್ಲಿ ಇರುವುದಿಲ್ಲ. ಪ್ರತಿ ವರ್ಷ ಎರಡು ಮನೆಯವರು ಸೇರಿ ಪೇಟೆಗೆ ಹೋಗುತ್ತಾರೆ, ಮುಂದಿನ ವರ್ಷ ಬೇರೆ ಎರಡು ಮನೆ. ಅಂಗಡಿಯ ಮೂಲ ಬಿಲ್ಲಿನ ಫೋಟೋ ಅಂದೇ ಎಲ್ಲರ ಮೊಬೈಲಿಗೆ ಬರಬೇಕು. ಬಾಡಿಗೆ ಜೀಪಿನ ಖರ್ಚು, ಹಮಾಲಿ, ಹೋದವರ ಊಟ ಇವು ಬೇರೆ ಸಾಲು. ಸಾಮಾನಿನ ಬೆಲೆಯೊಳಗೆ ಸೇರಿಸಬಾರದು. ಸೇರಿಸಿದರೆ ಪ್ರಾಮಾಣಿಕರ ಮೇಲೂ ಅನುಮಾನ ಹುಟ್ಟುತ್ತದೆ. ಲೆಕ್ಕದ ಪುಸ್ತಕ ನಮ್ಮ ದೊಡ್ಡಮ್ಮನ ಹತ್ತಿರ. ಎಪ್ಪತ್ತೆಂಟು ವರ್ಷ, ನಾಲ್ಕನೇ ತರಗತಿ ಓದಿದ್ದಾರೆ. ಅವರು ಓದಿ ಒಪ್ಪುವವರೆಗೆ ಲೆಕ್ಕ ಮುಗಿದಿಲ್ಲ ಎಂದೇ ಅರ್ಥ. ಕಳೆದ ವರ್ಷ 40 ರೂಪಾಯಿ ಹೊಂದದೆ ರಾತ್ರಿ ಹತ್ತರವರೆಗೆ ಕುಳಿತಿದ್ದೆವು. ಬೆಲ್ಲದ ಪಿಂಡಿ ಇಳಿಸಿದ ಹುಡುಗನಿಗೆ ಚಹಾಕ್ಕೆ ಕೊಟ್ಟದ್ದು ಬರೆಯಲು ಮರೆತಿದ್ದರು.

ಸಂಘದ ಅಕ್ಕ (ಹಾವೇರಿ ಜಿಲ್ಲೆ)

ಎಲ್ಲರಿಗೂ ಶರಣು. ನಮ್ಮದು ಸ್ತ್ರೀಶಕ್ತಿ ಸಂಘ. ಮೆಣಸಿನಕಾಯಿ ನಮ್ಮ ಊರಿನದೇ ಆದ್ದರಿಂದ ನಾಲ್ಕು ಮಾತು ಹೇಳಬೇಕು ಅನ್ನಿಸಿತು.

ಬ್ಯಾಡಗಿ ಮಾರುಕಟ್ಟೆಯಲ್ಲಿ ಸೋಮವಾರ ಮತ್ತು ಗುರುವಾರ ವಹಿವಾಟು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಆವಕ ಜೋರಾಗಿರುತ್ತದೆ. ಕೊಳ್ಳುವವರು ಡಬ್ಬಿ, ಕಡ್ಡಿ ಎರಡರ ವ್ಯತ್ಯಾಸ ತಿಳಿದುಕೊಳ್ಳಬೇಕು. ಡಬ್ಬಿ ಗಿಡ್ಡ, ದುಂಡಗೆ, ಮೈತುಂಬ ಸುಕ್ಕು, ಬಣ್ಣ ಗಾಢ, ಖಾರ ಕಡಿಮೆ. ಕಡ್ಡಿ ಉದ್ದ, ತೆಳು, ಅದಕ್ಕೂ ಸುಕ್ಕು ಇರುತ್ತದೆ. ನುಣ್ಣಗೆ ಹೊಳೆಯುವ ಕಾಯಿಯನ್ನು ಬ್ಯಾಡಗಿ ಎಂದು ಕೊಟ್ಟರೆ ಅದು ಹೈಬ್ರಿಡ್. ಶೀತಲಗೃಹದಲ್ಲಿಟ್ಟ ಹೋದ ವರ್ಷದ ಕಾಯಿಯೂ ಮಾರಾಟಕ್ಕೆ ಬರುತ್ತದೆ. ಹೊಸದು, ಹಳೆಯದು ಯಾವುದು ಎಂದು ಕೇಳಿಯೇ ಕೊಳ್ಳಿ. ಬಣ್ಣ ಮಾಸಿದ್ದರೆ ಕೇಳುವ ಅಗತ್ಯವೂ ಇಲ್ಲ.

ಇನ್ನೊಂದು ಮಾತು. 2024ರ ಮಾರ್ಚ್ 11ರಂದು ಇಲ್ಲಿ ದರ ಕುಸಿದಾಗ ಮಾರುಕಟ್ಟೆ ಕಚೇರಿಗೂ ವಾಹನಗಳಿಗೂ ಬೆಂಕಿ ಬಿದ್ದದ್ದು ನಿಮಗೆಲ್ಲ ನೆನಪಿರಬಹುದು. ಹಾಗೆ ಮಾಡಿದ್ದು ಸರಿಯೆಂದು ನಾನು ಹೇಳುವುದಿಲ್ಲ. ಆದರೆ ಆ ವಾರ ನಮ್ಮ ಸಂಘದ ಆರು ಮನೆಯವರ ಕಾಯಿ ಚೀಲದಲ್ಲಿಯೇ ಇತ್ತು, ಸಾಲದ ಕಂತು ತಲೆಯ ಮೇಲಿತ್ತು. ಆಗ ಹುಬ್ಬಳ್ಳಿಯ ಒಂದು ಬಡಾವಣೆಯ ಹೆಂಗಸರು ಮೂವತ್ತು ಮನೆಗೆಂದು ನಮ್ಮಿಂದ ನೇರವಾಗಿ ಕೊಂಡರು. ಮಾರುಕಟ್ಟೆಗಿಂತ ಕಿಲೋಗೆ ಸ್ವಲ್ಪ ಹೆಚ್ಚೇ ಕೊಟ್ಟರು, ಅವರಿಗೆ ಅಂಗಡಿಗಿಂತ ಕಡಿಮೆಗೇ ಬಿತ್ತು. ಅಂದಿನಿಂದ ತೊಟ್ಟು ಬಿಡಿಸಿ, ಒಣಗಿಸಿ, ಐದೈದು ಕಿಲೋ ಚೀಲ ಕಟ್ಟಿ ಕೊಡುತ್ತಿದ್ದೇವೆ. ತೊಟ್ಟು ಬಿಡಿಸಿದ ಕೂಲಿ ನಮ್ಮ ಹೆಂಗಸರಿಗೆ ಸಿಗುತ್ತದೆ.

ಕಿರಾಣಿ ಅಂಗಡಿ (ಕೊಪ್ಪ ತಾಲ್ಲೂಕು)

ಇಷ್ಟು ಹೊತ್ತು ಓದುತ್ತಿದ್ದೆ. ನನ್ನ ಮಾತು ಕೆಲವರಿಗೆ ಹಿಡಿಸದಿರಬಹುದು. ನಮ್ಮದು ಅಪ್ಪನ ಕಾಲದಿಂದ ಇರುವ ಸಣ್ಣ ಅಂಗಡಿ. ಮಾರ್ಚ್, ಏಪ್ರಿಲ್ ಬಂತೆಂದರೆ ಊರಿನವರು ಒಟ್ಟಿಗೆ ಸೇರಿ ದೊಡ್ಡ ಪೇಟೆಯಿಂದ ನಗದು ಕೊಟ್ಟು ಸಾಮಾನು ತರುತ್ತಾರೆ. ಆಗಸ್ಟ್‌ನಲ್ಲಿ ಕೈ ಖಾಲಿಯಾದಾಗ ನಮ್ಮ ಅಂಗಡಿಗೆ ಬಂದು ಪುಸ್ತಕಕ್ಕೆ ಬರೆಸುತ್ತಾರೆ. ಲಾಭದ ವ್ಯಾಪಾರ ಅಲ್ಲಿ, ಉದ್ದರಿ ಇಲ್ಲಿ. 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಚಾರ್ಮಾಡಿ ಘಾಟಿ ಮುಚ್ಚಿತ್ತು, ನಮ್ಮ ಸುತ್ತಲಿನ ರಸ್ತೆಗಳೂ ಹಾಳಾಗಿದ್ದವು. ಆ ದಿನಗಳಲ್ಲಿ ಇದ್ದ ಅಕ್ಕಿ, ಹಾಲಿನ ಪುಡಿ, ಮೇಣದಬತ್ತಿಯನ್ನು ಹೆಚ್ಚಿನ ಬೆಲೆ ಹಾಕದೆ, ಮನೆಗಿಷ್ಟು ಎಂದು ಅಳೆದು ಕೊಟ್ಟೆ. ಅಂಗಡಿ ಇದ್ದದ್ದರಿಂದಲೇ ಅದು ಆಯಿತು. ಎಲ್ಲರೂ ಸಗಟಿಗೆ ಹೋದರೆ ಈ ಅಂಗಡಿ ಇನ್ನು ಐದು ವರ್ಷ ಬಾಳುವುದಿಲ್ಲ. ಜಗಲಿಕಟ್ಟೆಯವರೇ, ನಿಮ್ಮ ಏಳು ಮನೆಯ ಹತ್ತಿರವೂ ಇಂಥದ್ದೊಂದು ಅಂಗಡಿ ಇರಬೇಕಲ್ಲವೇ?

ಜಗಲಿಕಟ್ಟೆ

ಅಣ್ಣಾ, ಇದೆ. ರಸ್ತೆ ಸೇರುವಲ್ಲಿಯೇ ಇದೆ. ನಿಮ್ಮ ಮಾತು ಓದಿ ನಿನ್ನೆಯಿಡೀ ಯೋಚಿಸಿದೆ. ಐದು ವರ್ಷದಲ್ಲಿ ಆ ಅಂಗಡಿಯವರ ಬಗ್ಗೆ ನಾವು ಒಂದು ಸಲವೂ ಯೋಚಿಸಿರಲಿಲ್ಲ ಎನ್ನುವುದು ನಿಜ. ಇವತ್ತು ಹೋಗಿ ಮಾತನಾಡಿ ಬಂದು ಬರೆಯುತ್ತೇನೆ.

ಕಡಲತೀರ (ಕುಮಟಾ)

ತಯಾರಿಯ ಮಾತು ಬಂದದ್ದಕ್ಕೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಹಲವು ದಿನ ಮುಚ್ಚಿತು. ಜೀವಗಳೇ ಹೋದ ಹೊತ್ತಿನಲ್ಲಿ ದಿನಸಿಯ ಮಾತು ಸಣ್ಣದು, ಆದರೂ ನಮ್ಮ ಮನೆಯಲ್ಲಿ ಆ ವಾರ ಕಲಿತದ್ದನ್ನು ಹೇಳುತ್ತೇನೆ. ಅಕ್ಕಿ, ಬೇಳೆ ಎಲ್ಲರ ಮನೆಯಲ್ಲೂ ಇತ್ತು. ಇಲ್ಲದೇ ಹೋದದ್ದು ಅತ್ತೆಯ ರಕ್ತದೊತ್ತಡದ ಮಾತ್ರೆ. ಅಂದಿನಿಂದ ಮಳೆಗಾಲದ ಪಟ್ಟಿಯಲ್ಲಿ ಮೊದಲ ಸಾಲು ಔಷಧಿ. ವೈದ್ಯರಿಗೆ ಹೇಳಿ ಎರಡು ತಿಂಗಳಿಗೆ ಬರೆಸಿಕೊಳ್ಳುತ್ತೇವೆ. ಮಾತ್ರೆಯನ್ನು ಒಟ್ಟಿಗೆ ತರಬಹುದು, ಹಂಚಿಕೊಳ್ಳುವಂತಿಲ್ಲ. ಅವರವರ ಚೀಟಿ ಅವರವರಿಗೆ.

ಉಪ್ಪಿನ ಬಗ್ಗೆ: ಗೋಕರ್ಣದ ಹತ್ತಿರ ಸಾಣಿಕಟ್ಟದ ಉಪ್ಪಿನಾಗರದಲ್ಲಿ ಬೇಸಿಗೆಯಲ್ಲಿ ಉಪ್ಪು ತೆಗೆಯುತ್ತಾರೆ. ನಮ್ಮ ಕಡೆ ಮಿಡಿ ಉಪ್ಪಿನಕಾಯಿಗೆ, ನೀರುಮಾವಿನಕಾಯಿಗೆ ಆ ಹರಳುಪ್ಪೇ ಆಗಬೇಕು. ದಿನದ ಅಡುಗೆಗೆ ಅಯೋಡಿನ್ ಇರುವುದನ್ನೇ ಬಳಸಿ. ಮಳೆಗಾಲದಲ್ಲಿ ಉಪ್ಪನ್ನು ತಗಡಿನ ಡಬ್ಬದಲ್ಲಿ ಇಡಬೇಡಿ, ತಳ ತಿಂದುಹೋಗುತ್ತದೆ. ಪಿಂಗಾಣಿ ಜಾಡಿ ಇಲ್ಲವೇ ಮರದ ಮರಿಗೆ ಒಳ್ಳೆಯದು.

ಮೂರನೇ ಮಹಡಿ

ಅಕ್ಕಿಚೀಲದ ಒಂದು ವಿಷಯ ಹಲವರಿಗೆ ಗೊತ್ತಿರಲಿಕ್ಕಿಲ್ಲ. 2022ರ ಜುಲೈ 18ರಿಂದ, ಮೊದಲೇ ಪೊಟ್ಟಣ ಕಟ್ಟಿ ಲೇಬಲ್ ಹಚ್ಚಿದ 25 ಕಿಲೋವರೆಗಿನ ಅಕ್ಕಿ, ಬೇಳೆಗೆ ಶೇ 5ರಷ್ಟು ಜಿಎಸ್‌ಟಿ ಬಂತು. 25 ಕಿಲೋ ದಾಟಿದರೆ ಇಲ್ಲ. ಅಂಗಡಿಗಳಲ್ಲಿ 26 ಕಿಲೋ ಚೀಲ ಕಾಣಿಸಿಕೊಂಡದ್ದು ಅದಕ್ಕೇ. ತೆರಿಗೆಗೆ ಮುಂಚೆ 1,500 ರೂಪಾಯಿ ಬೆಲೆಯ ಚೀಲವಾದರೆ 75 ರೂಪಾಯಿ ವ್ಯತ್ಯಾಸ. ಹನ್ನೆರಡು ಮನೆಯವರು ಸೇರಿ 26 ಕಿಲೋ ಅಥವಾ 50 ಕಿಲೋ ಚೀಲ ತರಿಸಿ ಹಂಚಿಕೊಳ್ಳುವುದು ಈ ಒಂದು ಕಾರಣಕ್ಕೇ ಲಾಭ.

ಎಣ್ಣೆಯಲ್ಲಿ ಎಚ್ಚರ ಬೇಕು. ಒಂದು ಲೀಟರ್ ಅಡುಗೆ ಎಣ್ಣೆಯ ತೂಕ ಸುಮಾರು 910 ಗ್ರಾಂ. 15 ಲೀಟರ್ ಡಬ್ಬದಲ್ಲಿ ಇರುವುದು 13.65 ಕಿಲೋ, 15 ಕಿಲೋ ಡಬ್ಬ ಬೇರೆಯೇ. ಎರಡೂ ಒಂದೇ ಗಾತ್ರದವೆಂದು ಬೆಲೆ ಹೋಲಿಸಿದರೆ ಮೋಸ ಹೋಗುತ್ತೇವೆ. ಕವರಿನ ಮೇಲೆ 850, 870 ಗ್ರಾಂ ಎಂದು ಸಣ್ಣದಾಗಿ ಬರೆದಿರುವುದನ್ನು ಓದಿ, ಗ್ರಾಮಿನ ಲೆಕ್ಕದಲ್ಲಿಯೇ ಬೆಲೆ ತೆಗೆಯಿರಿ.

ಹುಳದ ಕಾಟಕ್ಕೆ ಪೇಟೆಯವರಿಗೆ ಇರುವ ಅನುಕೂಲವೆಂದರೆ ಫ್ರೀಜರ್. ರವೆ, ಕಡಲೆಹಿಟ್ಟು, ಬೇಳೆ ಎರಡೆರಡು ಕಿಲೋ ಪೊಟ್ಟಣ ಮಾಡಿ ನಾಲ್ಕು ದಿನ ಫ್ರೀಜರ್‌ನಲ್ಲಿಟ್ಟರೆ ಮೊಟ್ಟೆಯೂ ಸಾಯುತ್ತದೆ. ಹೊರತೆಗೆದ ಮೇಲೆ ಪೊಟ್ಟಣದ ತೇವ ಆರುವ ತನಕ ಬಿಚ್ಚಬಾರದು.

ಹೊಸ ಸಂಸಾರ

ಅಕ್ಕ, ಇನ್ನೊಂದು ಪ್ರಶ್ನೆ. ನಮ್ಮ ಬೀದಿಯಲ್ಲಿ ಕೆಲವರು ಪಡಿತರದ ಅಕ್ಕಿಯನ್ನು ಕಡಿಮೆ ಬೆಲೆಗೆ ಕೊಡುತ್ತಾರೆ. ಅದನ್ನು ಸೇರಿ ಕೊಂಡು ದೋಸೆಗೆ ಇಟ್ಟುಕೊಳ್ಳಬಹುದೇ? ಅಂಗಡಿಯಲ್ಲಿ ಒಬ್ಬರು ಅಕ್ಕಿಗೆ ಹಾಕುವ ಮಾತ್ರೆ ಕೂಡ ಕೊಡುತ್ತೇನೆ ಎಂದರು.

ಜಗಲಿಕಟ್ಟೆ

ಎರಡೂ ಬೇಡ ತಂಗೀ. ಪಡಿತರದ ಅಕ್ಕಿ ಮಾರುವುದೂ ತಪ್ಪು, ಕೊಳ್ಳುವುದೂ ತಪ್ಪು, ಕೇಸಾಗುತ್ತದೆ. ಅದು ಹಸಿದ ಮನೆಗೆಂದು ಬಂದ ಅಕ್ಕಿ.

ಮಾತ್ರೆಯ ವಿಷಯ ಇನ್ನೂ ಗಂಭೀರ. ಅದು ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಗುಲಿದರೆ ಫಾಸ್ಫೀನ್ ಎಂಬ ವಿಷಾನಿಲ ಬಿಡುತ್ತದೆ. ಅದಕ್ಕೆ ಪ್ರತ್ಯೌಷಧವೇ ಇಲ್ಲ. ಗೋದಾಮಿನಲ್ಲಿ ತರಬೇತಿ ಪಡೆದವರು ಬಳಸುವ ವಸ್ತು ಅದು, ಮನೆಬಳಕೆಗೆ ಮಾರುವಂತೆಯೇ ಇಲ್ಲ. ಬಾಗಿಲು ಹಾಕಿದ ಕೋಣೆಯಲ್ಲಿ ಇಟ್ಟು ಪಕ್ಕದಲ್ಲಿ ಮಲಗಿದ ಮಕ್ಕಳು ಏಳದೇ ಹೋದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ್ದೇವೆ. ದಯವಿಟ್ಟು ಮನೆಯೊಳಗೆ ತರಬೇಡ. ಬೋರಿಕ್ ಪುಡಿಯೂ ಬೇಡ.

ಅಕ್ಕಿಗೆ ಒಣಗಿದ ಬೇವಿನ ಎಲೆ, ಒಣಮೆಣಸಿನಕಾಯಿ ಹಾಕಿ ಬಿಗಿ ಮುಚ್ಚಳದ ಡಬ್ಬದಲ್ಲಿಡು. ನುಸಿ ಕಂಡರೆ ನೆರಳಲ್ಲಿ ತೆಳ್ಳಗೆ ಹರಡು, ಅದು ತಾನಾಗಿ ಹೊರಟುಹೋಗುತ್ತದೆ. ಬೆಳ್ತಿಗೆ ಅಕ್ಕಿಯನ್ನು ಉರಿಬಿಸಿಲಿಗೆ ಹಾಕಿದರೆ ಬಿರುಕು ಬಿಟ್ಟು ನುಚ್ಚಾಗುತ್ತದೆ. ಬೇಳೆಯನ್ನು ಬಿಸಿಲಿಗೆ ಹಾಕಬಹುದು. ಡಬ್ಬ ನೆಲಕ್ಕೆ, ಗೋಡೆಗೆ ತಾಗದಂತೆ ಹಲಗೆಯ ಮೇಲಿರಲಿ. ನಮ್ಮಲ್ಲಿ ಒಲೆಯ ಮೇಲಿನ ಅಟ್ಟದಲ್ಲಿಡುತ್ತೇವೆ, ಹೊಗೆಯ ಕಾವಿಗೆ ತೇವ ಹತ್ತಿರ ಸುಳಿಯುವುದಿಲ್ಲ.

ಸಾಗರದಾಚೆ (ನ್ಯೂಜೆರ್ಸಿ)

ನಾನು ಸಾಗರದ ಕಡೆಯವಳು, ಈಗ ಅಮೆರಿಕದಲ್ಲಿದ್ದೇನೆ. 2023ರ ಜುಲೈ 20ರಂದು ಭಾರತ ಸರಕಾರ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿತು. ಮರುದಿನವೇ ಇಲ್ಲಿನ ಭಾರತೀಯ ಅಂಗಡಿಗಳಲ್ಲಿ ಸೋನಾಮಸೂರಿಗೆ ನೂಕುನುಗ್ಗಲು. ಒಬ್ಬೊಬ್ಬರು ಎಂಟು, ಹತ್ತು ಚೀಲ ಗಾಡಿಗೆ ಹೇರಿಕೊಂಡು ಹೋಗುತ್ತಿದ್ದರು. ನನ್ನ ಮುಂದೆ ನಿಂತಿದ್ದ ವಯಸ್ಸಾದ ತೆಲುಗು ದಂಪತಿಗೆ ಒಂದು ಚೀಲವೂ ಸಿಗಲಿಲ್ಲ. ನಮ್ಮ ಮನೆಯಲ್ಲಿ ಆಗ ಎರಡು ಚೀಲ ಇತ್ತು. ಆದರೂ ನಾನು ಸಾಲಿನಲ್ಲಿ ನಿಂತಿದ್ದೆ. ಅವರ ಮುಖ ನೋಡಿ ಸಾಲಿನಿಂದ ಹೊರಬಂದೆ. ಆಮೇಲೆ ಕನ್ನಡದ ಐದು ಕುಟುಂಬಗಳು ಮಾತನಾಡಿಕೊಂಡು, ಯಾರ ಮನೆಯಲ್ಲಿ ಎಷ್ಟಿದೆ ಎಂದು ಲೆಕ್ಕ ಹಾಕಿದರೆ ಎಲ್ಲರಿಗೂ ನಾಲ್ಕು ತಿಂಗಳಿಗೆ ಆಗುವಷ್ಟಿತ್ತು! ಹೊಸದಾಗಿ ಬಂದ ಇಬ್ಬರು ವಿದ್ಯಾರ್ಥಿಗಳಿಗೂ ಅದರಲ್ಲಿಯೇ ಕೊಟ್ಟೆವು. 2024ರ ಸೆಪ್ಟೆಂಬರ್ ಕೊನೆಗೆ ನಿಷೇಧ ತೆಗೆದರು.

ಊರಿನಲ್ಲಿ ಅಜ್ಜಿ ಮೇ ತಿಂಗಳಲ್ಲಿ ತುಂಬುತ್ತಿದ್ದದ್ದು ಮಾರುಕಟ್ಟೆಯಲ್ಲಿ ಹೇರಳವಾಗಿದ್ದಾಗ. ಯಾರ ಪಾಲಿನದನ್ನೂ ಕಸಿದು ತುಂಬಿದ್ದಲ್ಲ. ಇಲ್ಲಿ ನಾವು ಮಾಡಲು ಹೊರಟದ್ದು ಬೇರೆ. ಅದನ್ನು ಇಲ್ಲಿ ಹೇಳಲೇಬೇಕು ಅನ್ನಿಸಿತು.

ಸಂಘದ ಅಕ್ಕ

ತಂಗೀ, ಸರಿಯಾದ ಮಾತು.

ಜಗಲಿಕಟ್ಟೆ ಅಕ್ಕನಿಗೆ ಒಂದು ಪ್ರಶ್ನೆ ಇದೆ. ನಿಮ್ಮ ಏಳು ಮನೆಯಲ್ಲಿ ಒಟ್ಟಿಗೆ ಹಣ ಕೊಡಲಾಗದವರು ಯಾರೂ ಇಲ್ಲವೇ? ನಮ್ಮ ಸಂಘದಲ್ಲಿ ಮೊದಲು ಎದ್ದ ಸಮಸ್ಯೆಯೇ ಅದು. ಅಗ್ಗದ ಸಾಮಾನು ಸಿಗುವುದು ಒಂದೇ ಸಲಕ್ಕೆ ಐದು ಸಾವಿರ ಇಡಬಲ್ಲವರಿಗೆ. ದಿನಗೂಲಿಯವರು ದಿನಕ್ಕೆ ಕಾಲು ಕಿಲೋ ಬೇಳೆ ತಂದು ಎಲ್ಲರಿಗಿಂತ ಹೆಚ್ಚು ಬೆಲೆ ಕೊಡುತ್ತಾರೆ.

ಜಗಲಿಕಟ್ಟೆ

ಇದ್ದಾರೆ ಅಕ್ಕ. ಕೊನೆಯ ಮನೆಯವರು. ಗಂಡ ತೀರಿಕೊಂಡಿದ್ದಾರೆ, ಇಬ್ಬರು ಮಕ್ಕಳು, ತೋಟದ ಕೂಲಿ. ಮೊದಲ ವರ್ಷ ಅವರು ಸೇರಿದ್ದರು, ಹೇಗೋ ಸಾಲ ಮಾಡಿ. ಮೆಣಸಿನಕಾಯಿ ಹಾಳಾದ ರಾತ್ರಿ ಎಲ್ಲರೂ ಗೊಣಗುತ್ತಿದ್ದರೆ ಅವರು ಮಾತ್ರ ಸುಮ್ಮನೆ ಕುಳಿತಿದ್ದರು. ಮಾರನೇ ವರ್ಷ ಬರುವುದಿಲ್ಲ ಎಂದರು. ಕಾರಣ ಕೇಳಿದಾಗ ಸಾಲದ ವಿಷಯ ತಿಳಿಯಿತು. ನಮಗೆಲ್ಲ ಒಂದು ವರ್ಷದ ಮೆಣಸು ಹೋಗಿತ್ತು, ಅವರಿಗೆ ಅದರ ಮೇಲೆ ಬಡ್ಡಿಯೂ ಬೆಳೆದಿತ್ತು.

ಅದಕ್ಕೆ ಈಗ ದೀಪಾವಳಿಯಿಂದ ಯುಗಾದಿಯವರೆಗೆ ವಾರಕ್ಕೆ 200 ರೂಪಾಯಿಯ ಡಬ್ಬಿ ಇಟ್ಟಿದ್ದೇವೆ. ಅಡಿಕೆ ಕೊಯ್ಲು, ಸುಲಿಯುವ ಕೆಲಸ ಇರುವುದು ಆ ತಿಂಗಳುಗಳಲ್ಲಿಯೇ, ಕೂಲಿ ಕೈಗೆ ಬರುವುದೂ ಆಗಲೇ. ಮಳೆಗಾಲದಲ್ಲಿ ಕೆಲಸವೂ ಇಲ್ಲ, ಹಣವೂ ಇಲ್ಲ. ಇಪ್ಪತ್ತು ವಾರಕ್ಕೆ 4,000 ಆಗುತ್ತದೆ. ಅವರೊಬ್ಬರೇ ಹಾಕಿದರೆ ಸಂಕೋಚವಾಗಬಹುದೆಂದು ಏಳು ಮನೆಯವರೂ ವಾರವಾರವೇ ಹಾಕುತ್ತೇವೆ, ಒಟ್ಟಿಗೆ ಕೊಡಬಲ್ಲವರೂ ಕೂಡ. ಒಂದು ವಾರ ತಪ್ಪಿದರೆ ಯಾರೂ ಕೇಳುವುದಿಲ್ಲ, ಪುಸ್ತಕದಲ್ಲಿ ಖಾಲಿ ಚೌಕ ಇರುತ್ತದೆ, ಮುಂದೆ ತುಂಬಿಕೊಳ್ಳುತ್ತದೆ. ಕಳೆದ ವರ್ಷ ಪೇಟೆಗೆ ಹೋದ ಎರಡು ಮನೆಗಳಲ್ಲಿ ಅವರದೂ ಒಂದು. ಬೆಲ್ಲ ಆರಿಸುವುದರಲ್ಲಿ ಅವರಷ್ಟು ಜಾಣರು ನಮ್ಮಲ್ಲಿ ಬೇರೆ ಇಲ್ಲ. ಬೆಳ್ಳಗೆ, ಹಳದಿಯಾಗಿ ಹೊಳೆಯುವುದನ್ನು ಮುಟ್ಟುವುದೇ ಇಲ್ಲ. ಕಂದು ಬಣ್ಣದ, ಉಗುರು ಒತ್ತಿದರೆ ಅಚ್ಚು ಮೂಡದ ಪಿಂಡಿಯನ್ನೇ ಎತ್ತುತ್ತಾರೆ. ಮಳೆಗಾಲದಲ್ಲಿ ಬೆವರದೆ ನಿಲ್ಲುವುದು ಅದೇ.

ಕಿರಾಣಿ ಅಂಗಡಿ

ಈ ವಾರದ ಡಬ್ಬಿಯ ಕ್ರಮ ಬಹಳ ಹಿಡಿಸಿತು. ನನ್ನ ಪುಸ್ತಕದಲ್ಲಿ ಉದ್ದರಿ ಇರುವ ಹದಿನಾಲ್ಕು ಮನೆಯವರಿಗೆ ಇದನ್ನೇ ಹೇಳಿ ನೋಡಬೇಕು ಅನ್ನಿಸುತ್ತಿದೆ. ಅಡಿಕೆ ಸಮಯದಲ್ಲಿ ಅಂಗಡಿಯಲ್ಲಿಯೇ ಹಣ ಜಮಾ ಇಟ್ಟರೆ ಮೇ ತಿಂಗಳಲ್ಲಿ ಸಗಟು ಬೆಲೆಗೆ ಕೊಡಲು ನನಗೂ ಸಾಧ್ಯ. ಬಂಡವಾಳ ಮೊದಲೇ ಸಿಕ್ಕಿದರೆ ಸಾಲ ತರುವುದು ತಪ್ಪುತ್ತದೆ.

ಮೂರನೇ ಮಹಡಿ

ಅಣ್ಣಾ, ಜಮಾ ಇಟ್ಟ ಪ್ರತಿಯೊಬ್ಬರಿಗೂ ಒಂದು ಸಣ್ಣ ಪುಸ್ತಕ ಕೊಡಿ, ಪ್ರತಿ ಸಲವೂ ನಿಮ್ಮ ಸಹಿ ಇರಲಿ. ಹಣ ಕಳೆದುಕೊಂಡವಳಾಗಿ ಕೇಳಿಕೊಳ್ಳುತ್ತಿದ್ದೇನೆ.

ಕಿರಾಣಿ ಅಂಗಡಿ

ಖಂಡಿತ ತಾಯೀ. ಅದಿಲ್ಲದೆ ಶುರು ಮಾಡುವುದಿಲ್ಲ.

ಜಗಲಿಕಟ್ಟೆ

ಹೇಳಿದ್ದಂತೆ ನಮ್ಮ ರಸ್ತೆಯ ಅಂಗಡಿಗೆ ಹೋಗಿ ಬಂದೆ. ಅವರು ಮೊದಲು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ ಸ್ಟೂಲು ಎಳೆದು ಕೊಟ್ಟು, "ಐದು ವರ್ಷ ನಿಮ್ಮ ಜೀಪು ನನ್ನ ಅಂಗಡಿಯ ಮುಂದೆಯೇ ಹೋಗುತ್ತಿತ್ತು" ಎಂದರು. ನನಗೆ ಕಣ್ಣು ತುಂಬಿ ಬಂತು.

ಕುಳಿತು ಒಂದೊಂದೇ ವಸ್ತುವಿನ ಬೆಲೆ ಕೇಳಿದೆ. ಉಪ್ಪು, ಸೋಪು, ಬೆಂಕಿಪೊಟ್ಟಣ, ಬ್ಯಾಟರಿ, ಎಣ್ಣೆ ಇವುಗಳಲ್ಲಿ ಏಳು ಮನೆಯದು ಒಟ್ಟಿಗೆ ಎಂದರೆ ಅವರು ಕೊಡುವ ಬೆಲೆ ಪೇಟೆಯ ಬೆಲೆಗೆ ಹೆಚ್ಚುಕಡಿಮೆ ಸಮ. ಜೀಪಿನ ಬಾಡಿಗೆ ಸೇರಿಸಿದರೆ ನಮಗೇ ಲಾಭ. ಅವರ ಗಾಡಿ ಹೇಗೂ ವಾರಕ್ಕೊಮ್ಮೆ ಪೇಟೆಗೆ ಹೋಗುತ್ತದೆ. ಮೆಣಸಿನಕಾಯಿಯನ್ನು ಹಾವೇರಿಯ ಅಕ್ಕನ ಸಂಘದಿಂದ, ಬೇಳೆಯನ್ನು ಕಲಬುರಗಿಯ ಕಡೆಯಿಂದ ಈ ವರ್ಷ ನೇರವಾಗಿ ತರಿಸೋಣ ಎಂದು ದೊಡ್ಡಮ್ಮ ಒಪ್ಪಿದ್ದಾರೆ. ಪಾರ್ಸಲ್ ಇಳಿಯುವುದು ಅದೇ ಅಂಗಡಿಯಲ್ಲಿ. ಅವರಿಗೂ ಐದು ಕಿಲೋ ಮೆಣಸು ಬೇಕಂತೆ, ಹಾಗಾಗಿ ಈ ಸಲ ಎಂಟು ಪಾಲು.

ಅಕ್ಕ, ತೊಟ್ಟು ಬಿಡಿಸಿದ ಡಬ್ಬಿ ಕಾಯಿ ನಲವತ್ತು ಕಿಲೋ ಆದೀತೇ? ಯುಗಾದಿಯ ಮರುವಾರದೊಳಗೆ ಬಂದರೆ ಒಣಗಿಸಲು ಬಿಸಿಲು ಸಿಗುತ್ತದೆ. ಆಮೇಲೆ ಮಧ್ಯಾಹ್ನದ ಗುಡುಗುಮಳೆ ಶುರುವಾಗುತ್ತದೆ.

ಸಂಘದ ಅಕ್ಕ

ಆಗುತ್ತದೆ. ಗುರುವಾರ ಸಂಘದ ಸಭೆ ಇದೆ, ಅಂದು ಬೆಲೆ ಗೊತ್ತುಮಾಡಿ ಇಲ್ಲಿಯೇ ಬರೆಯುತ್ತೇನೆ. ಐದೈದು ಕಿಲೋದ ಎಂಟು ಚೀಲ ಕಟ್ಟಲೇ, ಇಲ್ಲವೇ ಒಂದೇ ಚೀಲದಲ್ಲಿ ಕಳಿಸಿ ನೀವೇ ತೂಗಿಕೊಳ್ಳುತ್ತೀರಾ?

ಜಗಲಿಕಟ್ಟೆ

ಒಂದೇ ಚೀಲದಲ್ಲಿ ಕಳಿಸಿ ಅಕ್ಕ. ತೂಗುವ ದಿನ ಮಕ್ಕಳು ಕಾಯುತ್ತಿರುತ್ತಾರೆ.